ಹಾಸು ದಾಟದ ಅಕ್ಕಾರು

ಇದನ್ನು ಬರೆಯಲು ನಾನು ಮೂರು ಸಲ ಕೂತು ಮೂರು ಸಲವೂ ಎದ್ದುಹೋಗಿದ್ದೇನೆ. ಮೊದಲ ಸಲ ಹೆಂಡತಿ ಬದುಕಿದ್ದಳು, ಅವಳ ಕೈಗೆ ಸಿಕ್ಕೀತೆಂದು ಹೆದರಿದೆ. ಎರಡನೇ ಸಲ ಕಣ್ಣಿನ ಪೊರೆ ತೆಗೆಸಿದ್ದೆ, ಅದನ್ನೇ ನೆವ ಮಾಡಿಕೊಂಡೆ. ಮೂರನೇ ಸಲ ನೆವ ಕೂಡ ಇರಲಿಲ್ಲ, ಸುಮ್ಮನೆ ಪೆನ್ನು ಮುಚ್ಚಿಟ್ಟೆ. ಈಗ ನನಗೆ ಎಪ್ಪತ್ತೊಂದು. ಇದರಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ನನ್ನ ಹೆಸರನ್ನೂ ಬರೆಯುವುದಿಲ್ಲ. ಅದು ಹೇಡಿತನವೆಂದು ಅನ್ನಿಸಿದರೆ ಅನ್ನಿಸಲಿ. ಮುಂದೆ ಓದುತ್ತ ಹೋದರೆ ಈ ಹೇಡಿತನ ಬಹಳ ಸಣ್ಣದು ಅನ್ನಿಸುತ್ತದೆ.

ನಾನು ರೋಣದಲ್ಲಿ ಹತ್ತನೇ ಇಯತ್ತೆವರೆಗೆ ಕಲಿತವನು. ನರಗುಂದದ ಕಾಳಿನ ಪೇಟೆಯಲ್ಲಿ ಬಹಳ ವರ್ಷ ಲಾರಿ ಓಡಿಸಿದೆ. ಬೆನ್ನು ಸೋತ ಮೇಲೆ ರೋಣದ ಒಂದು ಸಣ್ಣ ಸಂಸ್ಥೆಯ ಜೀಪಿಗೆ ಡ್ರೈವರ್ ಆದೆ. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರು, ಸಾಲಿ ಬಿಡಿಸಿ ಮದುವೆಗೆ ನಿಲ್ಲಿಸಿದ ಹುಡುಗಿಯರು, ಇಂಥವರಿಗೆ ನೆರವಾಗುವ ಸಂಸ್ಥೆ. ಊರೂರಿಗೆ ಹೋಗಿ ಮನೆಯೊಳಗೆ ಕೂತು ಮಾತಾಡುವ ಕೆಲಸಕ್ಕೆ ಇಬ್ಬರು ಹೆಂಗಸರಿದ್ದರು. ಒಬ್ಬರು ಹೆರಿಗೆ ರಜೆ ಹಾಕಿ ಹೋದರು. ಉಳಿದವರು ಒಬ್ಬರೇ. ಅವರು ದಿನಾ ನರಗುಂದದಿಂದ ಬಸ್ಸಿಗೆ ಬರುತ್ತಿದ್ದರು. ಮೂವತ್ತೆರಡೋ ಮೂವತ್ತಮೂರೋ ವಯಸ್ಸು, ಧಾರವಾಡದಲ್ಲಿ ಸಮಾಜಕಾರ್ಯ ಓದಿದವರು. ನಾವೆಲ್ಲ ಅವರನ್ನು ಅಕ್ಕಾರು ಅನ್ನುತ್ತಿದ್ದೆವು. ಅವರು ನನ್ನನ್ನು ಕಾಕಾ ಅನ್ನುತ್ತಿದ್ದರು.

ಕೊರೊನಾಕ್ಕಿಂತ ಮೊದಲಿನ ಮಾತು ಇದು. ಹುಬ್ಬಳ್ಳಿಯಿಂದ ಒಬ್ಬ ಮೇಡಂ ಬಂದು ನಮಗೆಲ್ಲ ಎರಡು ದಿನ ತರಬೇತಿ ಕೊಟ್ಟರು. ಮನೆಗಳಿಗೆ ಹೋದಾಗ ಹೊಡೆತ ಬೀಳದಂತೆ ಹೇಗೆ ನೋಡಿಕೊಳ್ಳಬೇಕು ಎಂಬುದೇ ಅದರ ವಿಷಯ. ಗಾಡಿಯನ್ನು ಮೊದಲೇ ತಿರುಗಿಸಿ, ಮುಖ ರಸ್ತೆಯ ಕಡೆ ಮಾಡಿ ನಿಲ್ಲಿಸಬೇಕು. ಒಬ್ಬರೇ ಒಳಗೆ ಹೋಗಬಾರದು. ಜೊತೆಗೆ ಯಾರೂ ಇಲ್ಲದಿದ್ದರೆ ಡ್ರೈವರ್ ಬಾಗಿಲಲ್ಲಿ ಕಾಣುವಂತೆ ನಿಲ್ಲಬೇಕು. ಬಾಗಿಲಿಗೆ ಹತ್ತಿರವೇ ಕೂರಬೇಕು. ಒಳಗಿನಿಂದ ಒಂದು ಮಿಸ್ಡ್ ಕಾಲ್ ಬಂದರೆ ಡ್ರೈವರ್ ಆ ಕ್ಷಣವೇ ಬಂದು ‘ಸಾಹೇಬ್ರು ಕರೀಲಿಕ್ಕತ್ತಾರ’ ಎಂದು ಎಬ್ಬಿಸಿಕೊಂಡು ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಆ ಮೇಡಂ ಎರಡು ಸಲ ಹೇಳಿದರು: ಯಾವ ಹೆಂಗಸು ನಮ್ಮ ಹತ್ತಿರ ಬಂದು ಹೇಳಿಕೊಂಡಳು ಎಂಬುದು, ನಾವು ಎಂದು ಅವರ ಮನೆಗೆ ಹೋಗುತ್ತೇವೆ ಎಂಬುದು, ಹೊಡೆಯುವವನ ಕಿವಿಗೆ ಮೊದಲೇ ಬೀಳಕೂಡದು.

ನಾನು ಹಿಂದೆ ಕೂತು, "ನಮ್ಮ ಊರಾಗ ಹುಲಿ ಅದಾವೇನ್ರಿ ಮೇಡಂ?" ಎಂದೆ. ಎಲ್ಲರೂ ನಕ್ಕರು. ಆಮೇಲೆ ಒಂದು ಆಟ ಆಡಿಸಿದರು. ಒಬ್ಬರು ಕುಡಿದ ಗಂಡ ಆಗಬೇಕು, ಒಬ್ಬರು ಅಕ್ಕಾರು ಆಗಬೇಕು. ಗಂಡನ ಪಾತ್ರಕ್ಕೆ ನಾನೇ ಎದ್ದೆ. ತೂರಾಡಿದೆ, ತೊದಲಿದೆ, ಅಕ್ಕಾರ ಮಣಿಕಟ್ಟು ಹಿಡಿದೆ. ಹಿಡಿದವನು ಬಿಡಲಿಲ್ಲ. "ಕಾಕಾ, ಸಾಕು ಬಿಡ್ರಿ," ಎಂದರು. ನಾನು ಇನ್ನೂ ಜೋರಾಗಿ ತಿರುವಿದೆ. "ಏ, ಕುಡದಾಂವ ಬಿಡ್ತಾನೇನ್ರಿ ಅಕ್ಕಾರ?" ಎಂದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಧ್ಯಾಹ್ನ ಊಟಕ್ಕೆ ಕೂತಾಗ ಅವರ ಮಣಿಕಟ್ಟಿನ ಮೇಲೆ ನನ್ನ ಐದೂ ಬೆರಳು ಕೆಂಪಗೆ ಎದ್ದಿದ್ದವು. ಅವರು ಎಡಗೈಯಲ್ಲಿ ರೊಟ್ಟಿ ಮುರಿಯುತ್ತಿದ್ದರು. ನಾನು ನೋಡಿದೆ. ನನಗೆ ಒಂಥರಾ ಖುಷಿಯೇ ಆಯಿತು. ಹೆಂಗಸಿನ ಅಪ್ಪಣೆಯ ಮೇಲೆ ಗಾಡಿ ತಿರುಗಿಸುವವನಿಗೆ ಆಗುವ ಖುಷಿ ಅದು. ಇದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಅಕ್ಕಾರು ಮಾತ್ರ ಆ ನೇಮಗಳನ್ನು ಒಂದೂ ತಪ್ಪದೆ ಪಾಲಿಸಿದರು. ಸವಡಿಯ ಕಡೆ ಹೊಲದಲ್ಲಿದ್ದ ಒಂದು ಮನೆಯಲ್ಲಿ ಒಬ್ಬ ಬಾರಕೋಲು ಹಿಡಿದು ಎದ್ದ. ಅವರು ಬಾಗಿಲ ಪಕ್ಕದಲ್ಲೇ ಕೂತಿದ್ದರು, ಗಾಡಿ ರಸ್ತೆಗೆ ಮುಖ ಮಾಡಿತ್ತು. ಎರಡು ನಿಮಿಷದಲ್ಲಿ ಡಾಂಬರು ರಸ್ತೆಯಲ್ಲಿದ್ದೆವು. ಆ ದಿನ ನೇಮಗಳೇ ಅವರನ್ನು ಉಳಿಸಿದವು. ನಾನು ಅದನ್ನೇ ನಗೆಯ ಮಾತು ಮಾಡಿಕೊಂಡೆ. ಅಸೂಟಿಯಲ್ಲಿ ಕಟ್ಟೆಯ ಮೇಲೆ ಕೂತವರಿಗೆ, "ನಮ್ಮ ಅಕ್ಕಾರು ಚಪ್ಪಲ್ ಕೈಯಾಗ ಹಿಡಕೊಂಡು ಹೆಂಗ ಓಡಿದ್ರು ಗೊತ್ತೈತೇನ್ರಿ? ಪಿ.ಟಿ. ಉಷಾನೂ ಹಿಂದ ಬೀಳಬೇಕು!" ಎಂದೆ. ಅವರು ಅಲ್ಲೇ ಜೀಪಿನಲ್ಲಿ ಕೂತು ಕೇಳುತ್ತಿದ್ದರು. ಊರು ದಾಟಿದ ಮೇಲೆ, "ಕಾಕಾ, ನಗ್ರಿ ಬೇಕಾದ್ರ. ಗಾಡಿ ಮಾತ್ರ ತಿರುಗಿಸಿ ನಿಂದರಸ್ರಿ," ಎಂದರು.

ಒಂದು ದಿನ ಗಜೇಂದ್ರಗಡದಿಂದ ನೇಕಾರರ ಮನೆಯ ಒಬ್ಬ ಸೊಸೆ ಆಫೀಸಿಗೆ ಬಂದಳು. ರೋಣದ ದವಾಖಾನೆಗೆ ಹೋಗುತ್ತೇನೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಬಂದಿದ್ದಳು. ನಾನು ಹೊರಗೆ ಬೆಂಚಿನ ಮೇಲಿದ್ದೆ, ಬಾಗಿಲು ಅರ್ಧ ತೆರೆದಿತ್ತು. ಎಲ್ಲಾ ಕೇಳಿಸಿತು.

"ಸೀರಿ ಮಗ್ಗದ ಮ್ಯಾಲ ಇರೂತನಕ ಹೊಡಿಯಂಗಿಲ್ರೀ ಅಕ್ಕಾರ. ಇಳಿಸಿದ ದಿನ ಹೊಡೀತಾನ. ಕೈಗೆ ಹೊಡಿಯಂಗಿಲ್ಲ. ಕೈ ಬೇಕಲ್ರಿ ನೇಯಾಕ. ಬೆನ್ನಿಗೆ ಹೊಡೀತಾನ, ತೊಡಿಗೆ ಹೊಡೀತಾನ."

ಅಕ್ಕಾರು, "ನಾವು ಏನ್ ಮಾಡಬೇಕಂತೀಯವಾ?" ಎಂದು ಕೇಳಿದರು.

"ಒಮ್ಮೆ ಬಂದು ಬುದ್ಧಿ ಹೇಳ್ರಿ. ಓಣ್ಯಾಗ ಎಲ್ಲಾ ನೇಕಾರ ಮನಿಗೂ ಹೋಗೂವ್ರಂಗ ಬರ್ರಿ. ಆದ್ರ ನಾ ಇಲ್ಲಿಗೆ ಬಂದಿದ್ದೆ ಅಂತ ಅವಂಗ ಗೊತ್ತಾಗಬಾರದ್ರಿ. ಗೊತ್ತಾದ್ರ ನನ್ನ ಉಳಸಂಗಿಲ್ಲ."

"ಗೊತ್ತಾಗೂದಿಲ್ಲ. ನನ್ನ ಬಾಯಿಂದ ಹೊರಗ ಬರೂದಿಲ್ಲ. ಮಾತು ಕೊಡ್ತೀನಿ," ಎಂದರು ಅಕ್ಕಾರು.

ಅವಳು ಹೊರಗೆ ಬಂದಾಗ ನನ್ನನ್ನು ನೋಡಿ ಸೆರಗು ಮುಂದಕ್ಕೆಳೆದುಕೊಂಡಳು. ನಾನು ಅವಳ ಗುರುತು ಹಿಡಿದೆ. ಅವಳ ಮಾವ ನನ್ನ ಸಾಲಿಯ ಗೆಳೆಯ, ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವಳ ಮದುವೆಯಲ್ಲಿ ನಾನು ಬುಂದಿ ಬಡಿಸಿದ್ದೆ. ಅವಳಿಗೆ ನನ್ನ ನೆನಪಿರಲಿಲ್ಲ.

ಎಲ್ಲಾ ನೇಕಾರ ಮನೆಗಳಿಗೂ ಹೋದಂತೆ ಕಾಣಲಿ ಎಂದು ಅಕ್ಕಾರು ಮೊದಲು ಆ ಓಣಿಯ ಬೇರೆ ಒಂದು ಮನೆಗೆ ಹೋದರು. ಗುಡ್ಡದ ಬುಡದ ಓಣಿ ಅದು. ಗಜೇಂದ್ರಗಡದ ನೇಕಾರರ ಮನೆ ನೋಡದವರಿಗಾಗಿ ಹೇಳುತ್ತೇನೆ. ನೇಯುವವರು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ಅವರ ಮುಂದೆ ಹಾಸು, ಅಂದರೆ ಸೀರೆಯ ಉದ್ದೆಳೆಗಳು, ಮೊಳಕಾಲೆತ್ತರದಲ್ಲಿ ಕೋಣೆಯ ಆ ಗೋಡೆಯವರೆಗೆ ಬಿಗಿಯಾಗಿ ಎಳೆದು ಕಟ್ಟಿರುತ್ತದೆ. ಬಾಗಿಲಿನಿಂದ ಒಳಗೆ ಹೋಗಬೇಕಾದರೆ ಕುಣಿಯ ಹಿಂದೆ ಗೋಡೆಗೆ ಹತ್ತಿ ಒಬ್ಬರೇ ನಡೆಯುವಷ್ಟು ದಾರಿ. ಬಂದವರಿಗೆ ಹಾಸಿನ ಆಚೆ ಚಾಪೆ ಹಾಸುತ್ತಾರೆ. ಆ ಮನೆಯಲ್ಲಿ ಎದ್ದು ಹೊರಡುವಾಗ ಅಕ್ಕಾರು ಸುತ್ತಿಬರುವ ಬದಲು ಹಾಸಿನ ಮೇಲೆ ಕಾಲೆತ್ತಿದರು. ನಾನು ಬಾಗಿಲಿನಿಂದ, "ಏ ಅಕ್ಕಾರ, ಕಾಲು!" ಎಂದು ಕೂಗಿದೆ.

ಅವರು ಬೆಚ್ಚಿ ಕಾಲು ಕೆಳಗಿಟ್ಟರು. ಆ ಮನೆಯ ಮುದುಕಿ, "ಇರ್ಲಿ ಬಿಡ್ರಿ, ಅವ್ರಿಗೆ ಗೊತ್ತಿಲ್ಲ," ಎಂದಳು. ನಾನು ಬಿಡಲಿಲ್ಲ. "ಇಷ್ಟು ಓದ್ಯಾರ, ಇದು ಗೊತ್ತಿಲ್ಲೇನ್ರಿ? ಹಾಸು ದಾಟಿದ್ರ ಅನ್ನ ತುಳದಂಗ. ಒಂದೆಳಿ ಹರದ್ರ ಒಂದು ಮನಿ ಹೊಟ್ಟಿ ಹರೀತದ," ಎಂದು ಓಣಿಗೆಲ್ಲ ಕೇಳುವಂತೆ ಅಂದೆ. ಅಕ್ಕಾರು ಕೆಂಪಾದರು. ಮುದುಕಿಯ ಪಾದ ಮುಟ್ಟಿ, ಕುಣಿಯ ಹಿಂದಿನಿಂದ ಸುತ್ತಿ ಹೊರಗೆ ಬಂದರು. ಮಾತು ಖರೇನೇ ಇತ್ತು. ಹೇಳಿದ ರೀತಿಯಲ್ಲಿ ವಿಷವಿತ್ತು.

ಆ ಸೊಸೆಯ ಮನೆಗೆ ಮರುದಿನ ಹೋಗುವುದೆಂದು ನಿಶ್ಚಯವಾಯಿತು. ಗೊತ್ತಿದ್ದವರು ಮೂವರೇ: ಅವಳು, ಅಕ್ಕಾರು, ನಾನು.

ಆ ಸಂಜೆ ನಾನು ಅವಳ ಗಂಡನಿಗೆ ಫೋನು ಮಾಡಿದೆ.

ಯಾಕೆ ಮಾಡಿದೆ ಎಂದು ಇಷ್ಟು ವರ್ಷ ನನಗೆ ನಾನೇ ಬೇರೆ ಬೇರೆ ಉತ್ತರ ಕೊಟ್ಟುಕೊಂಡಿದ್ದೇನೆ. ನಮ್ಮ ಕಡೆ ಒಬ್ಬರ ಮನೆಯ ಜಗಳದಲ್ಲಿ ಬಾಯಿ ಹಾಕುವುದಿದ್ದರೆ ಮೊದಲು ಹೇಳಿ ಕಳಿಸುತ್ತಾರೆ. ಹಿರಿಯರೊಬ್ಬರು ನಡುವೆ ನಿಲ್ಲುತ್ತಾರೆ, ಆಮೇಲೆ ಚಹಾ, ಮಾತು, ರಾಜಿ. ಹೇಳದೆ ಕೇಳದೆ ಜೀಪು ತಂದು ನಿಲ್ಲಿಸುವುದು ಮನೆತನದ ಮಾನ ಕಳೆದಂತೆ. ಗೆಳೆಯನ ಮನೆಯ ಮಾನ ಉಳಿಸಲಿಕ್ಕೆ ಮಾಡಿದೆ ಅಂದುಕೊಂಡೆ. ಅದು ಸುಳ್ಳಲ್ಲ, ಆದರೆ ಪೂರ್ತಿ ಖರೇನೂ ಅಲ್ಲ. ಎರಡು ಕಡೆಯವರಿಗೂ ಬೇಕಾದ ದೊಡ್ಡ ಮನುಷ್ಯ ಅನ್ನಿಸಿಕೊಳ್ಳುವ ಆಸೆ ನನಗಿತ್ತು. ಅಕ್ಕಾರ ಗುಟ್ಟು ನನ್ನ ಕೈಯಲ್ಲಿದೆ ಎಂಬ ಸೊಕ್ಕೂ ಇತ್ತು.

"ನಾಳೆ ನಮ್ಮ ಅಕ್ಕಾರು ಬರ್ತಾರಪ ನಿಮ್ಮ ಮನಿಗೆ. ಶಿಸ್ತೀಲೆ ಮಾತಾಡಿ ಕಳಸು," ಎಂದೆ.

"ಯಾಕ್ರಿ ಕಾಕಾ? ನಮ್ಮ ಮನಿಗೆ ಯಾಕ?"

ಅಲ್ಲಿ ನಿಲ್ಲಿಸಬಹುದಿತ್ತು. ಎಲ್ಲಾ ನೇಕಾರ ಮನೆಗೂ ಹೋಗುತ್ತಿದ್ದಾರೆ ಅನ್ನಬಹುದಿತ್ತು. ಆ ಮಾತು ಬಾಯಿಗೆ ಬರಲಿಲ್ಲ ಎಂದಲ್ಲ. ಬಂದಿತ್ತು.

"ನಿನ್ನ ಹೆಂಡ್ತಿ ಬಂದಿದ್ಲಪ ಆಫೀಸಿಗೆ. ಏನೋ ಅತ್ಲು ಕರದ್ಲು. ನೀ ಅಕೀಗೆ ಏನೂ ಅನಬ್ಯಾಡ. ನಾ ಅದೀನಿ."

ಸ್ವಲ್ಪ ಹೊತ್ತು ಆ ಕಡೆಯಿಂದ ಮಗ್ಗದ ಸದ್ದು ಮಾತ್ರ ಕೇಳಿಸಿತು. ಆಮೇಲೆ ಅದೂ ನಿಂತಿತು. "ಇಲ್ ಬಿಡ್ರಿ ಕಾಕಾ, ನಾ ಯಾಕ ಅನ್ಲಿ? ಭಾಳ ಉಪಕಾರ ಆತು," ಎಂದ. ಬಹಳ ಮೆತ್ತಗೆ ಅಂದ. ನಾನು ಸಮಾಧಾನದಿಂದ ರೊಟ್ಟಿ ತಿಂದೆ.

ಮರುದಿನ ಹನ್ನೊಂದಕ್ಕೆ ಆ ಓಣಿಗೆ ಹೋದೆವು. ಓಣಿ ಇಕ್ಕಟ್ಟು, ತಿರುಗಿಸಬೇಕಾದರೆ ನಾಲ್ಕು ಸಲ ಹಿಂದೆ ಮುಂದೆ ಮಾಡಬೇಕು. ಹಾಗೇ ಮೂತಿ ಒಳಗೆ ಮಾಡಿ ನಿಲ್ಲಿಸಿದೆ. ಅಕ್ಕಾರು ಗಾಡಿಯನ್ನು ನೋಡಿದರು, ನನ್ನನ್ನು ನೋಡಿದರು.

"ತಿರುಗಿಸ್ತೀನ್ರಿ, ನೀವು ನಡೀರಿ," ಎಂದೆ.

"ಬಾಗಲ ಹತ್ರ ಇರ್ರಿ ಕಾಕಾ. ಇವತ್ತು ಇನ್ನೊಬ್ರು ಇಲ್ಲ."

"ಆತ್ರೀ ತಾಯಿ, ಆತು. ನಿಮ್ಮ ಬಾಡಿಗಾರ್ಡ್ ನಾನ ಅಲ್ಲೇನು?"

ಬಾಗಿಲಲ್ಲಿ ಅವನು ಕೈಮುಗಿದು ನಿಂತಿದ್ದ. ಅಕ್ಕಾರು ಹೊಸ್ತಿಲ ಹತ್ತಿರವೇ ಕೂರುತ್ತೇನೆ ಅಂದರು. "ಇಲ್ಲಿ ಬ್ಯಾಡ್ರಿ, ಬಂದವ್ರನ್ನ ಬಾಗಲ್ದಾಗ ಕುಂದರಸಬಾರದು. ಒಳಗ ಬರ್ರಿ," ಅಂದ. ಅವರು ಹಿಂದೆ ತಿರುಗಿ ನನ್ನ ಮುಖ ನೋಡಿದರು. ನಾನು, "ಹೋಗ್ರಿ ಅಕ್ಕಾರ, ನಮ್ಮ ಮನಿ ಇದ್ದಂಗ," ಅಂದೆ. ಅವರು ಕುಣಿಯ ಹಿಂದಿನಿಂದ ಸುತ್ತಿಹೋಗಿ, ಹಾಸಿನ ಆಚೆ ಚಾಪೆಯ ಮೇಲೆ ಕೂತರು. ಅವನು ಕುಣಿಯೊಳಗೆ ಇಳಿದು ಕೂತ. ಹೊರಗೆ ಬರುವ ದಾರಿಯಲ್ಲಿ ಈಗ ಅವನಿದ್ದ. ಹೆಂಡತಿ ಕಾಣಲಿಲ್ಲ. ಒಳಗಿನ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಅದು ನನ್ನ ಕಣ್ಣಿಗೆ ಬಿತ್ತು. ಬಿದ್ದರೂ ನಾನು ಓಣಿಯ ತುದಿಯ ಚಹಾದಂಗಡಿಗೆ ನಡೆದೆ.

ಅಲ್ಲಿ ಪರಿಚಯದವರಿದ್ದರು. ಮಿರ್ಚಿ ಭಜಿ ಬಿಸಿ ಇತ್ತು. "ಏನಪಾ, ನಿಮ್ಮ ಅಕ್ಕಾರು ಯಾರ ಮನಿ ಒಡಿಯಾಕ ಬಂದಾರ ಇವತ್ತು?" ಎಂದು ಒಬ್ಬ ಕೇಳಿದ. "ಒಡಿಯೂದೂ ಅವ್ರ, ಕೂಡಸೂದೂ ಅವ್ರ. ನಾವು ಬರೇ ಎತ್ತು," ಎಂದೆ. ನಗುತ್ತಿರುವಾಗ ಜೇಬಿನಲ್ಲಿ ಫೋನು ಒಮ್ಮೆ ಅದುರಿ ನಿಂತಿತು. ತೆಗೆದು ನೋಡಿದೆ. ಅಕ್ಕಾರ ಮಿಸ್ಡ್ ಕಾಲ್.

ನನಗೆ ಅದರ ಅರ್ಥ ಗೊತ್ತಿತ್ತು. ತರಬೇತಿಯ ಎರಡನೇ ದಿನ ಹುಬ್ಬಳ್ಳಿಯ ಮೇಡಂ ನನ್ನನ್ನೇ ಎಬ್ಬಿಸಿ ನಿಲ್ಲಿಸಿ ಅದನ್ನು ಹೇಳಿಸಿದ್ದರು. ನಾನು ಫೋನನ್ನು ಪಕ್ಕದವನಿಗೆ ತೋರಿಸಿ, "ನೋಡ್ರಿ, ಒಳಗ ಹೋಗಿ ಹತ್ತು ನಿಮಿಷ ಆಗಿಲ್ಲ, ಆಗ್ಲೇ ಅಂಜಿಕಿ ಹತ್ತೇತಿ," ಎಂದೆ. ಕೈಯಲ್ಲಿದ್ದ ಭಜಿ ತಿಂದೆ. ಇನ್ನೊಂದು ತೆಗೆದುಕೊಂಡೆ, ಅದನ್ನೂ ತಿಂದೆ. ಚಹಾ ಬಸಿಗೆ ಸುರುವಿಕೊಂಡು ಆರಿಸಿ ಕುಡಿದೆ. ಎಷ್ಟು ಹೊತ್ತಾಯಿತು ಎಂದು ಆಮೇಲೆ ಬಹಳ ಸಲ ಲೆಕ್ಕ ಹಾಕಿದ್ದೇನೆ. ಐದು ನಿಮಿಷಕ್ಕಿಂತ ಕಡಿಮೆ ಇರಲಾರದು. ಎರಡನೇ ಸಲ ಫೋನು ಅದುರಲಿಲ್ಲ. ಕಿರುಚಿದ್ದು ನೇರವಾಗಿ ಕಿವಿಗೇ ಕೇಳಿಸಿತು.

ಓಡಿಹೋಗಿ ನೋಡಿದಾಗ ಅಕ್ಕಾರು ಹಾಸಿನ ಆಚೆ ನೆಲದ ಮೇಲೆ ಬಿದ್ದಿದ್ದರು. ಅವನು ಕುಣಿಯಿಂದ ಎದ್ದು ಬಂದು, ಮಗ್ಗದ ದಪ್ಪ ಕೋಲಿನಿಂದ ಹೊಡೆದಿದ್ದ. ಎಡ ಮೊಣಕೈ ಹಿಂದಕ್ಕೆ ಮಡಿಚಿದಂತೆ ಕಾಣುತ್ತಿತ್ತು. ಬಾಯಿಂದ ರಕ್ತ ಬರುತ್ತಿತ್ತು. ಹೆಂಡತಿಯ ಕೈಗೆ ಎಂದೂ ಹೊಡೆಯದವನು ಇವರ ಕೈಗೆ ಹೊಡೆದಿದ್ದ. ಈ ಕೈಯಿಂದ ಅವನಿಗೆ ಯಾವ ಕೆಲಸವೂ ಆಗಬೇಕಾಗಿರಲಿಲ್ಲ. ಕೋಲು ಇನ್ನೂ ಹಿಡಿದುಕೊಂಡೇ ನನ್ನ ಹತ್ತಿರ ಬಂದು, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, "ನೋಡ್ರಿ ಕಾಕಾ, ಶಿಸ್ತೀಲೆ ಮಾತಾಡಂದಿದ್ರಿ, ಮಾತಾಡೀನಿ," ಅಂದ. ಚಿಲಕ ಹಾಕಿದ ಬಾಗಿಲ ಹಿಂದೆ ಯಾರೋ ನೆಲಕ್ಕೆ ಕೈ ಬಡಿಯುತ್ತಿದ್ದರು. ಓಣಿಯ ಜನ ಸೇರಿದ ಮೇಲೆ ಅವನು ಕೋಲು ಕೆಳಗಿಟ್ಟ.

ಗಾಡಿಯನ್ನು ತಿರುಗಿಸಲು ನಾಲ್ಕು ಸಲ ಹಿಂದೆ ಮುಂದೆ ಮಾಡಬೇಕಾಯಿತು. ಹಿಂದಿನ ಸೀಟಿನಲ್ಲಿ ಅವರು ಪ್ರತಿ ಕುಲುಕಿಗೂ ನರಳುತ್ತಿದ್ದರು.

ದವಾಖಾನೆಯಲ್ಲಿ ಎಲುಬು ಕೂಡಿಸಿ ಪಟ್ಟಿ ಹಾಕಿದ ಮೇಲೆ ನಾನು ಮಂಚದ ಹತ್ತಿರ ನಿಂತೆ. ತಪ್ಪನ್ನು ಅವರ ಮೇಲೆ ಹಾಕಲು ಆಗಲೇ ದಾರಿ ಹುಡುಕುತ್ತಿದ್ದೆ ಅನ್ನಿಸುತ್ತದೆ. "ಬಾಗಲಾ ಎದುರಿಗೇ ಇತ್ತಲ್ರೀ ಅಕ್ಕಾರ. ಹಾಸು ಜಿಗದು ಬಂದಿದ್ರ ಎರಡ ಹೆಜ್ಜಿ," ಎಂದೆ.

ಅವರ ದವಡೆ ಬಾತಿತ್ತು. ನಿಧಾನ ಅಂದರು: "ಕಾಲೆತ್ತಿದ್ನಿ ಕಾಕಾ. ನೀವ ಅಂದಿದ್ರೆಲ್ಲ, ಅನ್ನ ತುಳದಂಗ ಅಂತ. ಅದು ಅಕೀ ನೇಯೂ ಸೀರಿ. ಹರದ್ರ ಅದಕ್ಕೂ ಅಕೀಗೇ ಹೊಡೀತಾನಲ್ಲ ಅಂತ ನಿಂತೆ."

ನಿಂತಲ್ಲೇ ಹೊಡೆತ ಬಿದ್ದಿತ್ತು.

ನಾನು ಫೋನು ಮಾಡಿದ ರಾತ್ರಿ ಆ ಮನೆಯಲ್ಲಿ ಏನಾಗಿತ್ತು ಎಂಬುದು ಮೂರು ದಿನದ ಮೇಲೆ ಪೊಲೀಸ್ ಸ್ಟೇಷನ್ನಿನಲ್ಲಿ ಗೊತ್ತಾಯಿತು. ಹೇಳಿಕೆ ಕೊಡಲು ಆ ಸೊಸೆಯನ್ನು ಕರೆಸಿದ್ದರು. ಅವಳು ಕಾಲು ಎಳೆಯುತ್ತ ನಡೆಯುತ್ತಿದ್ದಳು. ಗೋಡೆ ಹಿಡಿದು ನಿಂತಳು, ಕೂರಲು ಆಗುತ್ತಿರಲಿಲ್ಲ. ಕೈಗಳಿಗೆ ಏನೂ ಆಗಿರಲಿಲ್ಲ. ಅವಳು ಕೊಟ್ಟ ಹೇಳಿಕೆ ಹೀಗಿತ್ತು: "ಅಕ್ಕಾರು ತಾವ ಎಡವಿ ಕುಣ್ಯಾಗ ಬಿದ್ರು. ನನ್ನ ಗಂಡ ಯಾರಿಗೂ ಹೊಡಿಯಂಗಿಲ್ಲ."

ಹೊರಗೆ ವರಾಂಡದಲ್ಲಿ ಅಕ್ಕಾರು ಕೊರಳಿಗೆ ಕೈ ಕಟ್ಟಿಕೊಂಡು ಎದ್ದು ಅವಳ ಹತ್ತಿರ ಹೋದರು. ನಾನು ಎರಡು ಹೆಜ್ಜೆ ಹಿಂದೆ, ಅವರ ಚೀಲ ಹಿಡಿದು ನಿಂತಿದ್ದೆ.

"ಯಾಕವಾ, ಯಾಕ ಹಂಗ ಹೇಳಿದಿ?"

ಅವಳು ಮುಖವೆತ್ತಿದಳು. "ನಿಮ್ಮನ್ನ ನಂಬಿದ್ನೆಲ್ರಿ. ಬಾಯಿಂದ ಹೊರಗ ಬರೂದಿಲ್ಲಂತ ಮಾತು ಕೊಟ್ರಿ. ನೀವು ಬರೂ ಹಿಂದಿನ ಸಂಜೀಗೇ ಅವಂಗ ಮುಟ್ಟಿಸಿದ್ರಿ."

"ನಾ ಹೇಳಿಲ್ಲವಾ. ದೇವ್ರಾಣಿ ಮಾಡಿ ಹೇಳ್ತೀನಿ, ನಾ ಹೇಳಿಲ್ಲ."

"ಮತ್ಯಾರು ಹೇಳಿದ್ರು? ಗ್ವಾಡಿ ಹೇಳ್ತೇನು?"

ಅವಳು ಅಕ್ಕಾರ ಕಾಲ ಬಳಿ ಉಗುಳಿ ಹೋದಳು. ಅಕ್ಕಾರು ಅಲ್ಲೇ ನಿಂತು, "ನಾ ಹೇಳಿಲ್ಲ, ಖರೇನ ಹೇಳಿಲ್ಲ," ಅನ್ನುತ್ತಲೇ ಇದ್ದರು. ಆಮೇಲೆ ನನ್ನ ಕಡೆ ತಿರುಗಿ, "ಕಾಕಾ, ನೀವಾದ್ರೂ ಹೇಳ್ರಿ ಅಕೀಗೆ. ನಾ ಯಾರ ಮುಂದನೂ ಅಂದಿಲ್ಲ ಅಂತ," ಎಂದರು.

"ಹೋಗ್ಲಿ ಬಿಡ್ರಿ ಅಕ್ಕಾರ," ಎಂದೆ. "ಇಂಥವ್ರ ಹಣೇಬರಾನ ಇಷ್ಟು."

ಕೇಸು ಮುಂದಕ್ಕೆ ಹೋಗಲಿಲ್ಲ. ಸಂಸ್ಥೆಯವರು ಒಂದು ವಿಚಾರಣೆ ಇಟ್ಟರು. ಮನೆಗೆ ಹೋಗುವ ಸುದ್ದಿ ಹೊರಗೆ ಹೇಗೆ ಹೋಯಿತು ಎಂದು ಕೇಳಿದರು. ಗಂಡ ಬಾಯಿ ಬಿಟ್ಟಿರಲಿಲ್ಲ. ನಾನು ಅವನಿಗೆ ಬೇಕಾದವನು. "ಅಕ್ಕಾರು ಬಸ್ಸಿನ್ಯಾಗ ಫೋನ್ ಹಚ್ಚಿ ಜೋರಾಗಿ ಮಾತಾಡ್ತಾರ್ರಿ. ಯಾರ ಕಿವಿಗೆ ಬಿತ್ತೋ," ಎಂದೆ. ನೀನು ಬಾಗಿಲಲ್ಲಿ ಯಾಕೆ ಇರಲಿಲ್ಲ ಎಂದು ಕೇಳಿದರು. "ಅವ್ರ ನನಗ ಚಾ ಕುಡದು ಬರ್ರಿ ಅಂದ್ರು," ಎಂದೆ. ಬಾಗಿಲು ಬಿಟ್ಟು ಒಳಗೆ ಯಾಕೆ ಕೂತರು ಎಂದು ಕೇಳಿದರು. "ನಾ ಬ್ಯಾಡ ಅಂದೆ, ಕೇಳ್ಲಿಲ್ರಿ," ಎಂದೆ. ಮೂರು ಪ್ರಶ್ನೆ, ಮೂರು ಸುಳ್ಳು. ಅಕ್ಕಾರು ಎದುರಿಗೇ ಕೂತಿದ್ದರು. ಮೊದಲನೆಯದಕ್ಕೆ ಅವರು ಆಶ್ಚರ್ಯದಿಂದ ನನ್ನನ್ನು ನೋಡಿದರು. ಮೂರನೆಯದರ ಹೊತ್ತಿಗೆ ಅವರ ಕಣ್ಣಿನಲ್ಲಿ ಆಶ್ಚರ್ಯ ಇರಲಿಲ್ಲ. ಫೋನು ಮಾಡಿದವನು ಯಾರೆಂದು ಆ ಕ್ಷಣ ಅವರಿಗೆ ತಿಳಿಯಿತು. ಅವರ ಹತ್ತಿರ ಸಾಕ್ಷಿ ಇರಲಿಲ್ಲ. ನನ್ನ ತಲೆ ಬೆಳ್ಳಗಿತ್ತು.

ನೇಮ ಪಾಲಿಸಲಿಲ್ಲ ಎಂದು ಬರೆದು ಅವರನ್ನು ಕೆಲಸದಿಂದ ಬಿಟ್ಟರು. ಮುಂದಿನ ತರಬೇತಿಗೆ ಹೊಸಬರು ಬಂದಾಗ ಗಾಡಿ ಹೇಗೆ ನಿಲ್ಲಿಸಬೇಕು, ಬಾಗಿಲಲ್ಲಿ ಹೇಗೆ ನಿಲ್ಲಬೇಕು ಎಂದು ತೋರಿಸಲು ನನ್ನನ್ನೇ ಎಬ್ಬಿಸಿದರು. ಹೊಸ ಹುಡುಗಿಯರಿಗೆ ನಾನು ಗಂಭೀರವಾಗಿ ಹೇಳಿದೆ: "ಹಿಂದ ಒಬ್ರು ಅಕ್ಕಾರಿದ್ರು. ಹೇಳಿದ ಮಾತು ಕೇಳ್ಲಿಲ್ಲ. ಏನಾತು ಎಲ್ಲಾರಿಗೂ ಗೊತ್ತೈತಿ." ಅವರು ಬರೆದುಕೊಂಡರು. ನಿವೃತ್ತಿಯಾಗುವವರೆಗೆ ಹೀಗೆ ನಾಲ್ಕು ಸಲ ಹೇಳಿದ್ದೇನೆ.

ಹೆಂಡತಿ ಹೋದ ಮೇಲೆ ಮನೆಯಲ್ಲಿ ಮಾತಾಡುವವರು ಇಲ್ಲವಾದರು. ಆಗ ಇದು ಒಳಗೆ ಕೊರೆಯಲು ಶುರುವಾಯಿತು. ಹೋದ ವರ್ಷ ನರಗುಂದಕ್ಕೆ ಹೋದೆ. ಅಕ್ಕಾರು ಒಂದು ಝೆರಾಕ್ಸ್ ಅಂಗಡಿಯ ಪಕ್ಕ ಟೇಬಲ್ ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಾರೆ. ಎಡಗೈ ಪೂರ್ತಿ ಚಾಚಲು ಬರುವುದಿಲ್ಲ, ಮೊಣಕೈಯಿಂದ ಕಾಗದ ಒತ್ತಿ ಹಿಡಿದು ಬಲಗೈಯಲ್ಲಿ ಬರೆಯುತ್ತಾರೆ. ನಾನು ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ತಲೆ ಎತ್ತದೆ, "ಏನ್ ಅರ್ಜಿ?" ಎಂದರು.

"ಅಕ್ಕಾರ, ನಾನು. ಫೋನು ಮಾಡಿದಾಂವ ನಾನ. ತಪ್ಪಾತು."

ಹಿಂದೆ ಜನ ನಿಂತಿದ್ದರು, ಹೆಚ್ಚು ಹೇಳಲಾಗಲಿಲ್ಲ. ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಬಯ್ಯುತ್ತಾರೆ ಎಂದುಕೊಂಡೆ, ಬಯ್ದರೆ ಹಗುರಾಗುತ್ತಿತ್ತು.

"ನನಗ ಗೊತ್ತಿತ್ತು ಕಾಕಾ. ನಿಮ್ಮ ತಪ್ಪಾತು ನನಗ ಬ್ಯಾಡ, ಒಯ್ರಿ. ಕೈ ಹೋತು, ಕೆಲಸ ಹೋತು, ಅವು ತಿರುಗಿ ಬರಂಗಿಲ್ಲ. ಒಂದ ಕೆಲಸ ಮಾಡ್ರಿ. ಗಜೇಂದ್ರಗಡಕ್ಕ ಹೋಗಿ ಅಕೀಗೆ ಹೇಳ್ರಿ, ಅಕ್ಕಾರು ಮಾತು ತಪ್ಪಿದ್ದಿಲ್ಲ ಅಂತ. ಅಕೀ ಮತ್ತ ಯಾರ ಹತ್ರನೂ ಹೋಗಿ ಹೇಳಿಕೊಂಡಿಲ್ಲ. ಹೊಡತ ತಿಂತಾಳ, ಸುಮ್ಮನಿರ್ತಾಳ. ಎಲ್ಲಾರೂ ಮೋಸಗಾರ್ರು ಅಂತ ತಿಳಕೊಂಡಾಳ." ಮತ್ತೆ ಪೆನ್ನು ತೆಗೆದುಕೊಂಡು, "ಹಿಂದಿನವ್ರು ಬರ್ರಿ," ಎಂದರು.

ಮುಂದಿನ ವಾರ ಗಜೇಂದ್ರಗಡಕ್ಕೆ ಹೋದೆ. ಅದೇ ಓಣಿ, ಅದೇ ಮನೆ. ಅವನು ಕುಣಿಯಲ್ಲಿ ಕೂತಿದ್ದ. ನನ್ನನ್ನು ಕಂಡು ಬಾಯಿತುಂಬ ನಕ್ಕ. "ಬರ್ರಿ ಕಾಕಾ, ಬರ್ರಿ! ಏ, ಚಾ ಇಡ. ನಮ್ಮ ಮನಿ ಉಳಿಸಿದ ಹಿರ್ಯಾರು ಬಂದಾರ." ನಾನು ಸುತ್ತಿಹೋಗಿ ಚಾಪೆಯ ಮೇಲೆ ಕೂತೆ. ಅವಳು ಚಹಾ ತಂದಳು. ಕೂದಲು ನನ್ನಷ್ಟೇ ಬೆಳ್ಳಗಾಗಿದೆ, ಇನ್ನೂ ನಲವತ್ತು ತುಂಬಿಲ್ಲ. ಅಷ್ಟರಲ್ಲಿ ಯಾರೋ ಹೊರಗೆ ಕರೆದರು. ಅವನು ಎದ್ದು ಹೋದ. ಮನೆಯಲ್ಲಿ ಅವಳು, ನಾನು.

ಅವಳೇ ಕೇಳಿದಳು. "ನೀವು ಆ ಜೀಪಿನವ್ರಲ್ರೀ? ಆ ಅಕ್ಕಾರು ಎಲ್ಲಿದಾರ್ರಿ ಈಗ?"

"ನರಗುಂದದಾಗ ಅದಾರವ್ವ."

"ಕೈ ನೆಟ್ಟಗಾಗ್ಲಿಲ್ಲಂತ ಕೇಳಿದ್ನಿ."

"ಇಲ್ಲ. ಆಗ್ಲಿಲ್ಲ."

"ಕೈ ಮುರದ್ರ ಏನಾತ್ರಿ," ಎಂದಳು, ಬಸಿ ನನ್ನ ಕಡೆ ಸರಿಸುತ್ತ. "ನಾಲಿಗಿ ಮುರೀಬೇಕಿತ್ತು."

ಅದು ನನ್ನ ನಾಲಿಗೆ. ಅದು ಬಾಯಲ್ಲೇ ಇತ್ತು, ಚಹಾ ಕುಡಿಯುತ್ತಿತ್ತು. ಹೇಳಲು ಒಂದೇ ಮಾತು ಬೇಕಿತ್ತು. ಹೊರಗೆ ಅವನ ದನಿ ಕೇಳಿಸುತ್ತಿತ್ತು, ಇನ್ನೂ ಮಾತು ಮುಗಿದಿರಲಿಲ್ಲ, ಹೊತ್ತಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ನಾನು, "ಹೌದವ್ವ," ಎಂದೆ.

ಅವನು ಒಳಗೆ ಬಂದ. ನಾನು ಚಹಾ ಮುಗಿಸಿ ಎದ್ದು, ಬಸ್ ಸ್ಟ್ಯಾಂಡಿಗೆ ನಡೆದೆ. ಬಸ್ಸಿನಲ್ಲಿ ಸೀಟೂ ಸಿಕ್ಕಿತು.

ಆಮೇಲೆ ಅಲ್ಲಿಗೆ ಹೋಗಿಲ್ಲ. ಅಕ್ಕಾರಿಗೆ ಮುಖ ತೋರಿಸಿಲ್ಲ. ಆ ಸೊಸೆ ಇದನ್ನು ಓದಲಾರಳು. ಓದಲು ಬರುತ್ತದೋ ಇಲ್ಲವೋ ಅದೂ ನನಗೆ ತಿಳಿಯದು. ಇದನ್ನು ಓದಿದವರು ಯಾರಾದರೂ ಆ ಕಡೆಯವರಾದರೆ ಹೋಗಿ ಹೇಳಲಿ ಎಂಬ ಆಸೆಯೂ ಹೇಡಿಯ ಆಸೆಯೇ. ನರಗುಂದದ ಆ ಟೇಬಲ್ಲಿನ ಮುಂದೆ ಅರ್ಧ ಮಾತಿನಲ್ಲಾದರೂ ತಪ್ಪಾಯಿತೆಂದೆ. ಅಷ್ಟೂ ಅನ್ನದೇ ಉಳಿದದ್ದು ಗಜೇಂದ್ರಗಡದ ನೇಕಾರ ಓಣಿಯ ಆ ಹೆಂಗಸಿಗೆ, ಬುಂದಿ ಬಡಿಸಿ ನಾನೇ ಮನೆದುಂಬಿಸಿಕೊಂಡ ನನ್ನ ಗೆಳೆಯನ ಸೊಸೆಗೆ.